ಸೋತ ಸೆನೆಟರ್, ಗೆದ್ದ ಅಧ್ಯಕ್ಷ

ರಸ್ ಫೈನ್‌ಗೋಲ್ಡ್ ಹದಿನೆಂಟು ವರ್ಷ ಅಮೆರಿಕದ ಸೆನೆಟರ್ ಆಗಿದ್ದವರು. 2010ರ ನವೆಂಬರ್ 2ರಂದು ವಿಸ್ಕಾನ್ಸಿನ್ ರಾಜ್ಯದ ಮತದಾರರು ಅವರನ್ನು ಮನೆಗೆ ಕಳುಹಿಸಿದರು. ಎದುರಾಳಿ ರಾನ್ ಜಾನ್ಸನ್ ಪ್ಲಾಸ್ಟಿಕ್ ಉದ್ಯಮಿ. ಅದಕ್ಕೂ ಮೊದಲು ಯಾವ ಚುನಾವಣೆಗೂ ನಿಂತವರಲ್ಲ. ಅಂಥವರ ಎದುರು ಫೈನ್‌ಗೋಲ್ಡ್ ಸುಮಾರು ಶೇ 52–47ರ ಅಂತರದಲ್ಲಿ ಸೋತರು. ಆ ರಾತ್ರಿ ಬೆಂಬಲಿಗರ ಮುಂದೆ ನಿಂತು ಸೋಲನ್ನು ಒಪ್ಪಿಕೊಂಡ ಅವರು, ಮಾತು ಮುಗಿಸುವ ಹೊತ್ತಿಗೆ ಮುಂದಿನ ಹೋರಾಟದ ಪ್ರಸ್ತಾಪ ಮಾಡಿ 2012ರ ಹೆಸರೆತ್ತಿದರು. ಸಭೆಯಲ್ಲಿ ಹರ್ಷೋದ್ಗಾರ ಎದ್ದಿತು.

2012 ಎಂದರೆ ಅಧ್ಯಕ್ಷೀಯ ಚುನಾವಣೆಯ ವರ್ಷ. ಶ್ವೇತಭವನದಲ್ಲಿ ಇದ್ದವರು ಅವರದೇ ಪಕ್ಷದ ಬರಾಕ್ ಒಬಾಮ. ಹಾಗಾದರೆ ಈ ಮಾತಿನ ಅರ್ಥವೇನು? ಸ್ವಪಕ್ಷದ ಹಾಲಿ ಅಧ್ಯಕ್ಷರ ವಿರುದ್ಧವೇ ಪ್ರೈಮರಿಯಲ್ಲಿ ತೊಡೆ ತಟ್ಟುತ್ತಾರೆಯೇ? ಫೈನ್‌ಗೋಲ್ಡ್ ಅವರ ಸಿಬ್ಬಂದಿ ಅಂಥ ಯೋಚನೆಯೇ ಇಲ್ಲ ಎಂದರು. ಆದರೂ ಊಹಾಪೋಹ ತಿಂಗಳುಗಟ್ಟಲೆ ನಿಲ್ಲಲಿಲ್ಲ. ಏಕೆಂದರೆ ಡೆಮಾಕ್ರಟಿಕ್ ಪಕ್ಷದ ಎಡಪಂಥೀಯ ಪಾಳಯ ಆಗ ಒಬಾಮ ಮೇಲೆ ಮುನಿಸಿಕೊಂಡಿತ್ತು. ಆ ಮುನಿಸಿಗೆ ಒಂದು ಮುಖ ಬೇಕಾಗಿತ್ತು.

ತನ್ನ ರಾಜ್ಯವನ್ನೇ ಉಳಿಸಿಕೊಳ್ಳಲಾಗದವನು ದೇಶ ಗೆಲ್ಲುತ್ತಾನೆಯೇ ಎಂದು ಯಾರಾದರೂ ಕೇಳಬಹುದು. ಲೋಕರೂಢಿಯ ಉತ್ತರ ‘ಇಲ್ಲ’ ಎಂದೇ. ಆದರೆ ಅಮೆರಿಕದ ಚುನಾವಣಾ ಇತಿಹಾಸವನ್ನು ಕೆದಕಿದರೆ ಆ ಉತ್ತರ ಅಷ್ಟು ಸಲೀಸಲ್ಲ. ಸೆನೆಟ್ ಸ್ಥಾನ ಸೋತವರು ಅಧ್ಯಕ್ಷರಾಗಿದ್ದಾರೆ. ಹೀನಾಯವಾಗಿ ಸೋತವರೊಬ್ಬರು ಐದೂವರೆ ವರ್ಷಗಳ ಬಳಿಕ ಪಕ್ಷದ ಉಮೇದುವಾರಿಕೆಯ ಬಾಗಿಲವರೆಗೂ ಹೋಗಿ ಬಂದಿದ್ದಾರೆ. ಹಾಲಿ ಅಧ್ಯಕ್ಷರನ್ನು ಅವರದೇ ಪಕ್ಷದವರು ನಡುಗಿಸಿದ ಪ್ರಸಂಗಗಳೂ ಇವೆ. ಸೋಲಿಗಿಂತ ದೊಡ್ಡ ಅಡ್ಡಿ ಬೇರೆಲ್ಲೋ ಇದೆ.

ಟಿಕೆಟ್ ಕೊಡುವವರು ಯಾರು?

ನಮ್ಮಲ್ಲಿ ಟಿಕೆಟ್ ಎಂದರೆ ಹೈಕಮಾಂಡ್‌ನಿಂದ ಬರುವ ಬಿ ಫಾರಂ. ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಉಮೇದುವಾರರನ್ನು ಆರಿಸುವವರು ಪಕ್ಷದ ಸಾಮಾನ್ಯ ಮತದಾರರು. ರಾಜ್ಯ ರಾಜ್ಯಗಳಲ್ಲಿ ನಡೆಯುವ ಪ್ರೈಮರಿ ಅಥವಾ ಕಾಕಸ್‌ಗಳಲ್ಲಿ ಅವರು ಮತ ಹಾಕುತ್ತಾರೆ. ಆ ಮತಗಳ ಲೆಕ್ಕದಲ್ಲಿ ಡೆಲಿಗೇಟ್‌ಗಳು ಹಂಚಿಕೆಯಾಗುತ್ತಾರೆ. ಬೇಸಿಗೆಯ ರಾಷ್ಟ್ರೀಯ ಸಮಾವೇಶದಲ್ಲಿ ಡೆಲಿಗೇಟ್‌ಗಳ ಬಹುಮತ ಯಾರಿಗಿದೆಯೋ ಅವರೇ ಹುರಿಯಾಳು.

ಈ ಪದ್ಧತಿ ಹಳೆಯದೇನಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳ ಗೋಜಿಗೇ ಹೋಗದೆ ಡೆಮಾಕ್ರಟಿಕ್ ಟಿಕೆಟ್ ಪಡೆದಿದ್ದರು. ಪಕ್ಷದ ರಾಜ್ಯ ಮುಖಂಡರು ಕೈಯಲ್ಲಿದ್ದರೆ ಆಗ ಸಾಕಾಗಿತ್ತು. ಷಿಕಾಗೊ ಸಮಾವೇಶದ ಹೊರಗೆ ಬೀದಿಗಳಲ್ಲಿ ಯುದ್ಧ ವಿರೋಧಿ ಪ್ರತಿಭಟನಕಾರರ ಮೇಲೆ ಪೊಲೀಸರು ಲಾಠಿ ಬೀಸಿದ ಆ ವರ್ಷದ ಬಳಿಕ ಪಕ್ಷ ತನ್ನ ನಿಯಮಗಳನ್ನು ಬದಲಿಸಿತು. ಆ ಸುಧಾರಣಾ ಆಯೋಗದ ನೇತೃತ್ವ ವಹಿಸಿದ್ದ ಜಾರ್ಜ್ ಮೆಕ್‌ಗವರ್ನ್ ಅವರೇ 1972ರಲ್ಲಿ ಹೊಸ ನಿಯಮಗಳಡಿ ಟಿಕೆಟ್ ಗೆದ್ದರು.

ಬಾಗಿಲು ಎಲ್ಲರಿಗೂ ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಕಾಲಿಡುವುದು ಸುಲಭವೆಂದಲ್ಲ. ಐವತ್ತು ರಾಜ್ಯಗಳಿಗೆ ಐವತ್ತು ಬಗೆಯ ಕಟ್ಟಳೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಾವಿರ ಡಾಲರ್ ಶುಲ್ಕ ಕಟ್ಟಿದರೆ ಮತಪತ್ರದಲ್ಲಿ ಹೆಸರು ಬರುತ್ತದೆ. 2012ರಲ್ಲಿ ವರ್ಜಿನಿಯಾ ಹತ್ತು ಸಾವಿರ ಮತದಾರರ ಸಹಿ ಕೇಳಿತ್ತು. ಅದೂ ರಾಜ್ಯದ ಪ್ರತಿ ಕಾಂಗ್ರೆಸ್ ಕ್ಷೇತ್ರದಿಂದ ಕನಿಷ್ಠ 400. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15ಕ್ಕಿಂತ ಕಡಿಮೆ ಮತ ಬಂದರೆ ಒಬ್ಬ ಡೆಲಿಗೇಟ್ ಕೂಡ ಸಿಗುವುದಿಲ್ಲ. ಸಹಿ ಸಂಗ್ರಹಕ್ಕೆ ಆಳು, ನಿಯಮ ಓದಲು ವಕೀಲರು, ತಾರೀಖು ತಪ್ಪದಂತೆ ನೋಡಿಕೊಳ್ಳಲು ಕಚೇರಿ, ಎಲ್ಲವೂ ಬೇಕು. ಎಷ್ಟೋ ಬಂಡಾಯಗಳು ಮತದಾರರ ಮುಂದೆ ಹೋಗುವ ಮೊದಲೇ ಈ ಕಾಗದಪತ್ರಗಳ ನಡುವೆ ಉಸಿರು ಬಿಡುತ್ತವೆ.

ಸೋತು ಬೆಳೆದವರು

ಸೋತ ಸೆನೆಟ್ ಅಭ್ಯರ್ಥಿಗಳ ಪಟ್ಟಿಯಲ್ಲಿ ಮೊದಲ ಹೆಸರು ಅಬ್ರಹಾಂ ಲಿಂಕನ್. 1858ರಲ್ಲಿ ಇಲಿನಾಯ್ ರಾಜ್ಯದಲ್ಲಿ ಸ್ಟೀಫನ್ ಡಗ್ಲಸ್ ಎದುರು ಏಳು ಊರುಗಳಲ್ಲಿ ಏಳು ಸಾರ್ವಜನಿಕ ವಾದಗಳನ್ನು ನಡೆಸಿದ ಲಿಂಕನ್, ಕೊನೆಗೆ ಸೋತರು. ಸೆನೆಟರುಗಳನ್ನು ಆಗ ಆರಿಸುತ್ತಿದ್ದುದು ರಾಜ್ಯ ಶಾಸಕಾಂಗ. ಅಲ್ಲಿ ಡಗ್ಲಸ್‌ಗೆ 54, ಲಿಂಕನ್‌ಗೆ 46 ಮತ. ಆದರೆ ಗುಲಾಮಗಿರಿಯ ಕುರಿತ ಆ ವಾದಗಳನ್ನು ಪತ್ರಿಕೆಗಳು ಸಾಲು ಸಾಲಾಗಿ ಅಚ್ಚು ಹಾಕಿದ್ದವು. ಲಿಂಕನ್ ಆ ಕತ್ತರಿಕೆಗಳನ್ನು ಜೋಪಾನವಾಗಿ ಅಂಟಿಸಿಟ್ಟುಕೊಂಡರು. 1860ರಲ್ಲಿ ಅದು ಪುಸ್ತಕವಾಗಿ ಹೊರಬಂತು. ಅದೇ ವರ್ಷ ಷಿಕಾಗೊದ ರಿಪಬ್ಲಿಕನ್ ಸಮಾವೇಶದಲ್ಲಿ ಮೂರನೇ ಸುತ್ತಿನ ಮತದಾನದಲ್ಲಿ ಅವರು ಹುರಿಯಾಳಾದರು. ಸೋತ ಚುನಾವಣೆಯೇ ಅವರನ್ನು ಇಲಿನಾಯ್‌ನ ಗಡಿಯಾಚೆಗೆ ಪರಿಚಯಿಸಿತ್ತು.

ಜಾರ್ಜ್ ಎಚ್.ಡಬ್ಲ್ಯು. ಬುಷ್ ಟೆಕ್ಸಾಸ್‌ನಲ್ಲಿ ಎರಡು ಸಲ ಸೆನೆಟ್‌ಗೆ ನಿಂತರು. 1964ರಲ್ಲಿ ರಾಲ್ಫ್ ಯಾರ್ಬರೊ ಎದುರು, 1970ರಲ್ಲಿ ಲಾಯ್ಡ್ ಬೆಂಟ್ಸೆನ್ ಎದುರು ಸೋತರು. 1988ರಲ್ಲಿ ಬುಷ್ ಅಧ್ಯಕ್ಷರಾಗಿ ಗೆದ್ದಾಗ ಎದುರು ಪಾಳಯದ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಸೋತವರು ಅದೇ ಬೆಂಟ್ಸೆನ್. ಆದರೆ ಲಿಂಕನ್ ಆಗಲಿ ಬುಷ್ ಆಗಲಿ ಸೆನೆಟರ್ ಆಗಿದ್ದು ಸ್ಥಾನ ಕಳೆದುಕೊಂಡವರಲ್ಲ, ಪ್ರವೇಶದಲ್ಲೇ ಸೋತವರು. ಮತದಾರರು ಕೆಲಸ ನೋಡಿ ಬೇಡವೆಂದವರ ಕತೆ ಬೇರೆ.

ಅಂಥವರಲ್ಲಿ ಮೆಕ್‌ಗವರ್ನ್ ಒಬ್ಬರು. 1980ರಲ್ಲಿ ಸೌತ್ ಡಕೋಟದ ಸೆನೆಟ್ ಸ್ಥಾನ ಕಳೆದುಕೊಂಡ ಅವರು 1984ರ ಪ್ರೈಮರಿಗೆ ಇಳಿದರು. ಅಯೊವಾದಲ್ಲಿ ಮೂರನೇ ಸ್ಥಾನ ಬಂತು. ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ಎರಡರಲ್ಲಿ ಬಾರದಿದ್ದರೆ ಕಣ ಬಿಡುವುದಾಗಿ ಹೇಳಿದ್ದರು. ಅಲ್ಲೂ ಮೂರನೆಯವರಾದರು. ಹೇಳಿದಂತೆ ನಡೆದುಕೊಂಡರು. ಇನ್ನೊಬ್ಬರು ಅಲಾಸ್ಕದ ಮೈಕ್ ಗ್ರಾವೆಲ್. 1971ರಲ್ಲಿ ವಿಯೆಟ್ನಾಂ ಯುದ್ಧದ ರಹಸ್ಯ ಕಡತಗಳಾದ ಪೆಂಟಗನ್ ಪೇಪರ್ಸ್ ಅನ್ನು ಉಪಸಮಿತಿ ಸಭೆಯಲ್ಲಿ ಓದಿ ದಾಖಲೆಗೆ ಸೇರಿಸಿದ ಧೈರ್ಯವಂತ. 1980ರಲ್ಲಿ ಸ್ವಂತ ಪಕ್ಷದ ಪ್ರೈಮರಿಯಲ್ಲೇ ಸೋತ ಅವರು 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಚರ್ಚಾ ವೇದಿಕೆಗಳಲ್ಲಿ ಗಮನ ಸೆಳೆದರು, ಮತ ಮಾತ್ರ ಬೀಳಲಿಲ್ಲ.

ಈ ಸಾಲಿನಲ್ಲಿ ಎಲ್ಲರನ್ನೂ ಬೆರಗುಗೊಳಿಸಿದವರು ರಿಕ್ ಸ್ಯಾಂಟೋರಮ್. ಪೆನ್ಸಿಲ್ವೇನಿಯಾದ ಈ ರಿಪಬ್ಲಿಕನ್ ಸೆನೆಟರ್ 2006ರಲ್ಲಿ ಸೋತದ್ದು ಶೇ 17ಕ್ಕೂ ಹೆಚ್ಚಿನ ಅಂತರದಲ್ಲಿ. ಹಾಲಿ ಸೆನೆಟರೊಬ್ಬರು ಅಷ್ಟು ದೊಡ್ಡ ಅಂತರದಲ್ಲಿ ಸೋಲುವುದು ಅಪರೂಪ. ಅವರ ರಾಜಕೀಯ ಬದುಕು ಮುಗಿಯಿತೆಂದು ಬಹುತೇಕರು ಭಾವಿಸಿದರು. 2011ರಲ್ಲಿ ಅವರು ಅಯೊವಾಕ್ಕೆ ಹೋದಾಗ ಕೈಯಲ್ಲಿ ದುಡ್ಡಿರಲಿಲ್ಲ, ಜೊತೆಗೆ ಪತ್ರಕರ್ತರ ಹಿಂಡೂ ಇರಲಿಲ್ಲ. ಬೆಂಬಲಿಗರೊಬ್ಬರ ಪಿಕಪ್ ಟ್ರಕ್ಕಿನಲ್ಲಿ ಕೂತು ರಾಜ್ಯದ 99 ಕೌಂಟಿಗಳನ್ನೂ ಸುತ್ತಿದರು. ಹೋಟೆಲು, ಪಿಜ್ಜಾ ಅಂಗಡಿ, ಗ್ರಂಥಾಲಯ, ಜನ ಸೇರುವ ಜಾಗ ಯಾವುದಾದರೂ ಸರಿ. ಕೆಲವು ಕಡೆ ಬೆರಳೆಣಿಕೆಯ ಜನ ಇರುತ್ತಿದ್ದರು. ತೋಳಿಲ್ಲದ ಸ್ವೆಟರ್ ತೊಟ್ಟು, ಗರ್ಭಪಾತ, ಕುಟುಂಬ, ಕಾರ್ಖಾನೆ ಕೆಲಸಗಳ ಬಗ್ಗೆ ಅವರು ಗಂಟೆಗಟ್ಟಲೆ ಮಾತಾಡುತ್ತಿದ್ದರು.

2012ರ ಜನವರಿ 3ರ ರಾತ್ರಿ ಅಯೊವಾ ಕಾಕಸ್‌ನಲ್ಲಿ ಮಿಟ್ ರಾಮ್ನಿ ಎಂಟು ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಹದಿನಾರು ದಿನಗಳ ಬಳಿಕ ಅಧಿಕೃತ ಎಣಿಕೆ ಹೊರಬಿದ್ದಾಗ ಸ್ಯಾಂಟೋರಮ್‌ಗೆ 29,839 ಮತ, ರಾಮ್ನಿಗೆ 29,805. ಗೆದ್ದವರು ಸ್ಯಾಂಟೋರಮ್, 34 ಮತಗಳಿಂದ. ಎಂಟು ಮತಗಟ್ಟೆಗಳ ಲೆಕ್ಕ ಕೊನೆಗೂ ಸಿಗಲೇ ಇಲ್ಲ. ಆ ಹದಿನಾರು ದಿನಗಳಲ್ಲಿ ಗೆದ್ದವರೆಂಬ ಹೆಸರು ಹೊತ್ತು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪ್ರಚಾರ ಮಾಡಿದವರು ರಾಮ್ನಿ. ಗೆಲುವಿನ ಸುದ್ದಿಯೇ ಮುಂದಿನ ರಾಜ್ಯದ ಬಂಡವಾಳವಾಗುವ ಈ ಆಟದಲ್ಲಿ ಸ್ಯಾಂಟೋರಮ್ ಕಳೆದುಕೊಂಡದ್ದು ಸಣ್ಣದಲ್ಲ.

ಆದರೂ ಫೆಬ್ರುವರಿ 7ರ ಒಂದೇ ದಿನ ಅವರು ಮಿನ್ನೆಸೋಟ, ಕೊಲರಾಡೊ, ಮಿಸ್ಸೌರಿ ಮೂರನ್ನೂ ಗೆದ್ದರು. ಒಟ್ಟು ಹನ್ನೊಂದು ರಾಜ್ಯಗಳಲ್ಲಿ ಮುಂದಿದ್ದರು. ಅವರನ್ನು ಕಟ್ಟಿಹಾಕಿದ್ದು ಹಳೆಯ ಸೋಲಲ್ಲ, ಸಂಘಟನೆಯ ಬಡತನ. ವರ್ಜಿನಿಯಾದ ಮತಪತ್ರದಲ್ಲಿ ಅವರ ಹೆಸರೇ ಇರಲಿಲ್ಲ. ಒಹಾಯೊದ ಕೆಲವು ಕ್ಷೇತ್ರಗಳಲ್ಲಿ ಡೆಲಿಗೇಟ್‌ಗಳ ಪಟ್ಟಿಯನ್ನು ಅವರ ಕಡೆಯವರು ಸಲ್ಲಿಸಿಯೇ ಇರಲಿಲ್ಲ. ಒಹಾಯೊವನ್ನು ರಾಮ್ನಿ ಗೆದ್ದದ್ದು ಶೇ 1ರಷ್ಟೇ ಅಂತರದಲ್ಲಿ. ಏಪ್ರಿಲ್ 10ರಂದು ಗೆಟಿಸ್‌ಬರ್ಗ್‌ನಲ್ಲಿ ಸ್ಯಾಂಟೋರಮ್ ಕಣದಿಂದ ಹಿಂದೆ ಸರಿದರು. ತವರು ರಾಜ್ಯ ಪೆನ್ಸಿಲ್ವೇನಿಯಾದ ಪ್ರೈಮರಿಗೆ ಆಗ ಎರಡು ವಾರ ಬಾಕಿ ಇತ್ತು.

ಪ್ರೈಮರಿ ಸೋಲು ಕೊನೆಯಲ್ಲ ಎಂಬುದಕ್ಕೆ ಕನ್ನಡನಾಡಿನ ನಂಟಿರುವ ಒಂದು ನಿದರ್ಶನವೂ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮೂರನೇ ಸ್ಥಾನಕ್ಕೆ ಇಳಿದರು. ನಾಲ್ಕು ವರ್ಷಗಳ ಬಳಿಕ ಡೆಟ್ರಾಯ್ಟ್ ಭಾಗದ ಕ್ಷೇತ್ರವೊಂದರಲ್ಲಿ ಹಲವು ಅಭ್ಯರ್ಥಿಗಳಿದ್ದ ಪ್ರೈಮರಿಯನ್ನು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮತಗಳಲ್ಲೇ ಗೆದ್ದು ಅಮೆರಿಕದ ಪ್ರತಿನಿಧಿ ಸಭೆ ಸೇರಿದರು. ಕಣದಲ್ಲಿ ಎಷ್ಟು ಜನ ಇದ್ದಾರೆ, ಮತ ಹೇಗೆ ಹಂಚಿಹೋಗುತ್ತದೆ ಎಂಬುದು ಪ್ರೈಮರಿಯಲ್ಲಿ ಅಷ್ಟು ಮುಖ್ಯ.

ಸ್ಯಾಂಟೋರಮ್‌ಗೆ ಸಿಕ್ಕ ಅನುಕೂಲವೂ ಇದೇ. ಅವರ ಎದುರು ಹಾಲಿ ಅಧ್ಯಕ್ಷರು ಇರಲಿಲ್ಲ. ರಾಮ್ನಿಯನ್ನು ಒಪ್ಪದ ರಿಪಬ್ಲಿಕನ್ನರು ಒಬ್ಬರಾದ ಮೇಲೊಬ್ಬರನ್ನು ಪರೀಕ್ಷಿಸಿ ನೋಡುತ್ತಿದ್ದರು. ಉಳಿದವರು ಕುಸಿದಾಗ ಸ್ಯಾಂಟೋರಮ್ ಅಲ್ಲಿದ್ದರು.

ಸ್ವಪಕ್ಷದ ಸಿಂಹಾಸನಕ್ಕೆ ಸವಾಲು

ಹಾಲಿ ಅಧ್ಯಕ್ಷರ ವಿರುದ್ಧದ ಪ್ರೈಮರಿ ಬೇರೆಯೇ ಯುದ್ಧ. ಚುನಾಯಿತ ಅಧ್ಯಕ್ಷರೊಬ್ಬರು ಮತ್ತೆ ಟಿಕೆಟ್ ಬಯಸಿ ಪಕ್ಷದ ಸಮಾವೇಶದಲ್ಲಿ ತಿರಸ್ಕೃತರಾದದ್ದು ಅಮೆರಿಕದ ಇತಿಹಾಸದಲ್ಲಿ ಒಂದೇ ಸಲ. 1856ರಲ್ಲಿ ಫ್ರ್ಯಾಂಕ್ಲಿನ್ ಪಿಯರ್ಸ್‌ಗೆ ಆ ಗತಿ ಬಂತು. ಪ್ರೈಮರಿಗಳ ಯುಗದಲ್ಲಿ ಅದು ನಡೆದೇ ಇಲ್ಲ. ಆದರೆ ಟಿಕೆಟ್ ಕಿತ್ತುಕೊಳ್ಳದೆಯೂ ಅಧ್ಯಕ್ಷರನ್ನು ಮಣಿಸಬಹುದು ಎಂಬುದಕ್ಕೆ ಸಾಕ್ಷ್ಯವಿದೆ.

1952ರಲ್ಲಿ ಟೆನೆಸಿಯ ಸೆನೆಟರ್ ಎಸ್ಟೆಸ್ ಕಿಫಾವರ್ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ರನ್ನು ಸೋಲಿಸಿದರು. ಅದೇ ತಿಂಗಳ ಕೊನೆಗೆ ಟ್ರೂಮನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ಹದಿನಾರು ವರ್ಷಗಳ ಬಳಿಕ ಅದೇ ರಾಜ್ಯದಲ್ಲಿ ಮಿನ್ನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ ಅಧ್ಯಕ್ಷ ಲಿಂಡನ್ ಜಾನ್ಸನ್ ಎದುರು ನಿಂತರು. ವಿಯೆಟ್ನಾಂನಲ್ಲಿ ಟೆಟ್ ದಾಳಿ ನಡೆದು ಆರು ವಾರವಾಗಿತ್ತು. ಮೆಕಾರ್ಥಿ ಪರ ಮನೆಮನೆಗೆ ಹೋದ ಕಾಲೇಜು ಹುಡುಗರು ಮತದಾರರು ಮುಖ ತಿರುಗಿಸಬಾರದೆಂದು ಗಡ್ಡ ಬೋಳಿಸಿ, ಕೂದಲು ಕತ್ತರಿಸಿಕೊಂಡು ಬಂದಿದ್ದರು. ಮೆಕಾರ್ಥಿಗೆ ಶೇ 42 ಮತ ಬಂತು, ಜಾನ್ಸನ್‌ಗೆ ಶೇ 49. ಲೆಕ್ಕದಲ್ಲಿ ಗೆದ್ದ ಜಾನ್ಸನ್ ಮೂರು ವಾರವೂ ತುಂಬುವ ಮೊದಲೇ, ಮಾರ್ಚ್ 31ರಂದು, ಕಣ ಬಿಟ್ಟರು.

1976ರಲ್ಲಿ ರೊನಾಲ್ಡ್ ರೇಗನ್ ಅಧಿಕಾರದಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯಾ ಗವರ್ನರ್ ಅವಧಿ ಮುಗಿದಿತ್ತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಎದುರು ಆರಂಭದ ಪ್ರೈಮರಿಗಳನ್ನು ಒಂದರ ಹಿಂದೆ ಒಂದು ಸೋತರು. ಕೈಯಲ್ಲಿ ದುಡ್ಡು ಕರಗುತ್ತಿದ್ದಾಗ ನಾರ್ತ್ ಕ್ಯಾರೊಲಿನಾ ಕೈಹಿಡಿಯಿತು. ಪನಾಮಾ ಕಾಲುವೆಯನ್ನು ಬಿಟ್ಟುಕೊಡಬಾರದು ಎಂಬ ಅವರ ಮಾತು ಪಕ್ಷದ ಸಂಪ್ರದಾಯವಾದಿಗಳ ನರ ಮುಟ್ಟಿತ್ತು. ಕಾನ್ಸಾಸ್ ಸಿಟಿಯ ಸಮಾವೇಶದಲ್ಲಿ ಫೋರ್ಡ್‌ಗೆ 1,187 ಡೆಲಿಗೇಟ್‌ಗಳು, ರೇಗನ್‌ಗೆ 1,070. ಸೋತ ರೇಗನ್ ನಾಲ್ಕು ವರ್ಷಗಳ ಬಳಿಕ ಅಧ್ಯಕ್ಷರಾದರು.

1980ರಲ್ಲಿ ಎಡ್ವರ್ಡ್ ಕೆನಡಿಯವರಿಗೆ ಎಲ್ಲವೂ ಇತ್ತು. ಹೆಸರು, ಹಣ, ಸೆನೆಟ್ ಸ್ಥಾನ, ಸಮೀಕ್ಷೆಗಳಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮೇಲೆ ಭಾರಿ ಮುನ್ನಡೆ. ಆದರೆ ಅವರು ಸ್ಪರ್ಧೆ ಘೋಷಿಸುವ ಮೂರು ದಿನ ಮೊದಲು ಟೆಹರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯ ಸಿಬ್ಬಂದಿ ಒತ್ತೆಯಾಳುಗಳಾದರು. ದೇಶ ಅಧ್ಯಕ್ಷರ ಹಿಂದೆ ನಿಂತಿತು. ಅದೇ ದಿನ ಪ್ರಸಾರವಾದ ಟಿವಿ ಸಂದರ್ಶನದಲ್ಲಿ, ಏಕೆ ಅಧ್ಯಕ್ಷರಾಗಬೇಕು ಎಂಬ ಸರಳ ಪ್ರಶ್ನೆಗೆ ಕೆನಡಿ ತಡವರಿಸಿದರು. ಅಯೊವಾದಲ್ಲಿ ಸುಮಾರು ಎರಡಕ್ಕೆ ಒಂದರ ಅಂತರದಲ್ಲಿ ಸೋತರು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಗೆಲ್ಲುವ ಹೊತ್ತಿಗೆ ಲೆಕ್ಕ ಕೈಮೀರಿತ್ತು.

1992ರಲ್ಲಿ ಅಂಕಣಕಾರ, ಟಿವಿ ವಾದಪಟು ಪ್ಯಾಟ್ ಬುಕ್ಯಾನನ್ ಯಾವ ಹುದ್ದೆಗೂ ಎಂದೂ ಚುನಾಯಿತರಾದವರಲ್ಲ. ಹೊಸ ತೆರಿಗೆ ಹಾಕುವುದಿಲ್ಲ ಎಂದು 1988ರಲ್ಲಿ ಕೊಟ್ಟ ಮಾತನ್ನು ಅಧ್ಯಕ್ಷ ಬುಷ್ 1990ರಲ್ಲಿ ಮುರಿದಿದ್ದರು. ಆ ಒಂದು ಮುರಿದ ಮಾತನ್ನೇ ಹಿಡಿದು ಬುಕ್ಯಾನನ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ 37 ಮತ ಗಳಿಸಿದರು.

ಈ ಐದೂ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸವಾಲು ಹಾಕಿದವರ ಹುದ್ದೆಗೂ ಅವರು ಪಡೆದ ಮತಕ್ಕೂ ನೇರ ಸಂಬಂಧ ಕಾಣುವುದಿಲ್ಲ. ಹುದ್ದೆಯೇ ಇಲ್ಲದ ಬುಕ್ಯಾನನ್, ಮಾಜಿಯಾಗಿದ್ದ ರೇಗನ್ ಇಬ್ಬರೂ ಅಧ್ಯಕ್ಷರ ನಿದ್ದೆಗೆಡಿಸಿದರು. ರಾಜವಂಶದ ಹೆಸರಿದ್ದ ಕೆನಡಿ ಎಡವಿದರು. ವಿಯೆಟ್ನಾಂ, ಪನಾಮಾ, ತೆರಿಗೆ, ಪ್ರತಿ ಸಲವೂ ಪಕ್ಷದ ಒಡಲಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದಾದ ಗಾಯವಿತ್ತು. ಆ ಗಾಯ ಪಕ್ಷದ ನಿತ್ಯದ ಮತದಾರರಿಗೇ ಆಗಿತ್ತು. ಕೆನಡಿಯವರ ಬಳಿ ಅಂಥ ಒಂದು ವಾಕ್ಯ ಸಿದ್ಧವಿರಲಿಲ್ಲ ಎಂಬುದು ಆ ಸಂದರ್ಶನದಲ್ಲೇ ಬಯಲಾಗಿತ್ತು.

ಇನ್ನೊಂದು ಸಂಗತಿಯೂ ಇದೆ. ಫೋರ್ಡ್, ಕಾರ್ಟರ್, ಬುಷ್ ಮೂವರೂ ಪ್ರೈಮರಿಯಲ್ಲಿ ಉಳಿದುಕೊಂಡು ನವೆಂಬರ್‌ನಲ್ಲಿ ಸೋತರು. ಬಂಡಾಯಗಾರರೇ ಅವರನ್ನು ದುರ್ಬಲಗೊಳಿಸಿದರು ಎಂದು ಪಕ್ಷದ ಮುಖಂಡರು ಇಂದಿಗೂ ದೂರುತ್ತಾರೆ. ಆದರೆ ಆ ಮೂವರೂ ಮೊದಲೇ ಸೊರಗಿದ್ದರು. ಹಣದುಬ್ಬರ, ಒತ್ತೆಯಾಳು ಬಿಕ್ಕಟ್ಟು, ಆರ್ಥಿಕ ಹಿಂಜರಿತವನ್ನು ಯಾವ ಬಂಡಾಯಗಾರನೂ ತಂದಿರಲಿಲ್ಲ. ಪಕ್ಷದ ಮತದಾರರಿಗೆ ತಮ್ಮ ಅಧ್ಯಕ್ಷರನ್ನು ಪ್ರಶ್ನಿಸುವ ಹಕ್ಕು ನಾಲ್ಕು ವರ್ಷಕ್ಕೊಮ್ಮೆಯಾದರೂ ಇರಬೇಕು. ಅದನ್ನು ದ್ರೋಹವೆಂದು ಕರೆಯುವುದು ಪ್ರೈಮರಿ ಎಂಬ ವ್ಯವಸ್ಥೆಯ ಬುಡಕ್ಕೇ ಕೊಡಲಿ ಹಾಕಿದಂತೆ. 2020ರಲ್ಲಿ ಸೌತ್ ಕ್ಯಾರೊಲಿನಾ, ನೆವಾಡದಂಥ ರಾಜ್ಯಗಳ ರಿಪಬ್ಲಿಕನ್ ಘಟಕಗಳು ಟ್ರಂಪ್‌ಗೆ ಎದುರಾಳಿಗಳಿದ್ದರೂ ತಮ್ಮಲ್ಲಿ ಮತದಾನವನ್ನೇ ರದ್ದು ಮಾಡಿದವು. ಆ ರಾಜ್ಯಗಳ ಪಕ್ಷನಿಷ್ಠರಿಗೆ ಹೌದು ಎನ್ನುವ ಅವಕಾಶವೂ ಸಿಗಲಿಲ್ಲ, ಇಲ್ಲ ಎನ್ನುವ ಅವಕಾಶವೂ ಸಿಗಲಿಲ್ಲ.

ಫೈನ್‌ಗೋಲ್ಡ್ ಬುತ್ತಿಯಲ್ಲಿ ಏನಿತ್ತು?

ಅರ್ಹತೆಯ ಮಾತಾದರೆ ಫೈನ್‌ಗೋಲ್ಡ್‌ಗೆ ಕೊರತೆ ಇರಲಿಲ್ಲ. 1992ರಲ್ಲಿ ಮೊದಲ ಸಲ ಸೆನೆಟ್‌ಗೆ ನಿಂತಾಗ ಅವರು ಮತದಾರರಿಗೆ ಕೊಟ್ಟ ವಾಗ್ದಾನಗಳನ್ನು ಮಿಡಲ್‌ಟನ್ ಊರಿನ ತಮ್ಮ ಮನೆಯ ಗ್ಯಾರೇಜ್ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದರು. ಚುನಾವಣಾ ದೇಣಿಗೆಯ ಬಹುಪಾಲನ್ನು ವಿಸ್ಕಾನ್ಸಿನ್ ಜನರಿಂದಲೇ ಪಡೆಯುತ್ತೇನೆ ಎಂಬುದು ಅದರಲ್ಲಿ ಒಂದು. ಆ ಪ್ರೈಮರಿಯಲ್ಲಿ ಹೆಚ್ಚು ಹೆಸರಿದ್ದ ಇಬ್ಬರು ಪರಸ್ಪರ ಕೆಸರೆರಚಿಕೊಳ್ಳುತ್ತಿದ್ದಾಗ ಫೈನ್‌ಗೋಲ್ಡ್ ನಡುವೆ ನುಸುಳಿ ಸುಮಾರು ಶೇ 70 ಮತ ಬಾಚಿಕೊಂಡರು. ಗೆದ್ದ ಮೇಲೆ ರಾಜ್ಯದ 72 ಕೌಂಟಿಗಳಲ್ಲೂ ಪ್ರತಿ ವರ್ಷ ತಪ್ಪದೆ ಜನರ ಅಹವಾಲು ಸಭೆ ನಡೆಸಿದರು.

2001ರ ಅಕ್ಟೋಬರ್‌ನಲ್ಲಿ, ಅವಳಿ ಗೋಪುರಗಳು ಕುಸಿದು ಆರು ವಾರವಾಗಿದ್ದಾಗ, ಸರ್ಕಾರಕ್ಕೆ ಕಣ್ಗಾವಲಿನ ಭಾರಿ ಅಧಿಕಾರ ಕೊಡುವ ಪೇಟ್ರಿಯಟ್ ಕಾಯ್ದೆ ಸೆನೆಟ್‌ಗೆ ಬಂತು. ಪರ 98, ವಿರುದ್ಧ 1. ಆ ಒಂದು ಮತ ಫೈನ್‌ಗೋಲ್ಡ್ ಅವರದು. ಮರುವರ್ಷ ಇರಾಕ್ ಯುದ್ಧದ ನಿರ್ಣಯವನ್ನೂ ಅವರು ವಿರೋಧಿಸಿದರು. ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಜೊತೆಗೂಡಿ ಚುನಾವಣಾ ಹಣಕ್ಕೆ ಕಡಿವಾಣ ಹಾಕುವ ಕಾನೂನನ್ನು 2002ರಲ್ಲಿ ತಂದರು. ಇಬ್ಬರ ಹೆಸರಲ್ಲೇ ಅದು ಪ್ರಸಿದ್ಧ.

ಒಬಾಮ ವಿರುದ್ಧ ದೂರುಗಳ ಪಟ್ಟಿಯೂ ಸಿದ್ಧವಿತ್ತು. ಗ್ವಾಂಟನಾಮೊ ಸೆರೆಮನೆ ಮುಚ್ಚಿರಲಿಲ್ಲ. ಅಫ್ಗಾನಿಸ್ತಾನಕ್ಕೆ ಹೆಚ್ಚುವರಿಯಾಗಿ 30 ಸಾವಿರ ಸೈನಿಕರು ಹೋಗಿದ್ದರು. ಆರೋಗ್ಯ ವಿಮೆ ಕಾಯ್ದೆಯಲ್ಲಿ ಸರ್ಕಾರಿ ವಿಮೆಯ ಆಯ್ಕೆ ಬಿದ್ದುಹೋಗಿತ್ತು. ನಿರುದ್ಯೋಗ ಶೇ 9ರ ಮೇಲಿತ್ತು. ಫೈನ್‌ಗೋಲ್ಡ್ ಸೋತ ಚುನಾವಣೆಯಲ್ಲೇ ಪಕ್ಷ ಪ್ರತಿನಿಧಿ ಸಭೆಯ 63 ಸ್ಥಾನಗಳನ್ನು ಕಳೆದುಕೊಂಡಿತ್ತು. ಡಿಸೆಂಬರ್‌ನಲ್ಲಿ ಶ್ರೀಮಂತರಿಗೂ ಸೇರಿದಂತೆ ಕಿರಿಯ ಬುಷ್ ಕಾಲದ ತೆರಿಗೆ ಕಡಿತಗಳನ್ನು ಮುಂದುವರಿಸಲು ಒಬಾಮ ಒಪ್ಪಿದಾಗ ವರ್ಮಾಂಟ್ ಸೆನೆಟರ್ ಬರ್ನಿ ಸ್ಯಾಂಡರ್ಸ್ ಸದನದಲ್ಲಿ ಎಂಟೂವರೆ ಗಂಟೆ ನಿಂತು ಮಾತಾಡಿದರು. ಒಬಾಮಗೆ ಪ್ರೈಮರಿ ಸವಾಲು ಬಂದರೆ ಒಳ್ಳೆಯದು ಎಂದು ಮರುವರ್ಷ ಸ್ಯಾಂಡರ್ಸ್ ರೇಡಿಯೊದಲ್ಲಿ ಹೇಳಿಯೂ ಹೇಳಿದರು.

ಇಷ್ಟೆಲ್ಲ ಇದ್ದೂ ಲೆಕ್ಕ ಕೂಡಿಬರುತ್ತಿರಲಿಲ್ಲ. ಅದಕ್ಕೆ ಕಾರಣ ರಾನ್ ಜಾನ್ಸನ್ ಎದುರಿನ ಸೋಲಲ್ಲ.

ಮೊದಲನೆಯದು ಮತದಾರರ ಲೆಕ್ಕ. ಎಡಪಂಥೀಯ ಲೇಖಕರು, ಕಾರ್ಯಕರ್ತರು ಸಿಟ್ಟಾಗಿದ್ದರೂ ಸಾಮಾನ್ಯ ಡೆಮಾಕ್ರಾಟರಲ್ಲಿ ಐವರಲ್ಲಿ ಸುಮಾರು ನಾಲ್ವರು ಒಬಾಮ ಕೆಲಸವನ್ನು ಮೆಚ್ಚಿದ್ದರು. ಕಪ್ಪು ಮತದಾರರಲ್ಲಿ ಆ ಬೆಂಬಲ ಇನ್ನೂ ಗಟ್ಟಿ. ಡೆಮಾಕ್ರಟಿಕ್ ಪ್ರೈಮರಿಯ ಭೂಗೋಳದಲ್ಲಿ ಅವರ ಸ್ಥಾನ ನಿರ್ಣಾಯಕ. 2008ರ ಸೌತ್ ಕ್ಯಾರೊಲಿನಾ ಪ್ರೈಮರಿಯಲ್ಲಿ ಮತ ಹಾಕಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಸಮುದಾಯದವರು. ಅಲ್ಲಿ ಒಬಾಮ ಹಿಲರಿ ಕ್ಲಿಂಟನ್ ಅವರನ್ನು ಎರಡಕ್ಕೆ ಒಂದರಂತೆ ಸೋಲಿಸಿದ್ದರು. ದೇಶದ ಮೊದಲ ಕಪ್ಪು ಅಧ್ಯಕ್ಷರನ್ನು ಇಳಿಸಲು ಬಿಳಿಯ ಮಾಜಿ ಸೆನೆಟರೊಬ್ಬರು ಹೊರಟರೆ ಜಾರ್ಜಿಯಾ, ಅಲಬಾಮ, ಮಿಸ್ಸಿಸಿಪ್ಪಿಯ ಕಪ್ಪು ಕುಟುಂಬಗಳು ಅದನ್ನು ನೀತಿಯ ಚರ್ಚೆಯಾಗಿ ನೋಡುವುದು ಕಷ್ಟವಿತ್ತು. ಶತಮಾನಗಳ ಕಾಯುವಿಕೆಯ ಬಳಿಕ ಸಿಕ್ಕಿದ್ದನ್ನು ನಾಲ್ಕೇ ವರ್ಷದಲ್ಲಿ ಕಸಿಯಲು ಬಂದವರಂತೆ ಕಾಣುತ್ತಿದ್ದರು. ಅಯೊವಾ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದಿಷ್ಟು ಸದ್ದು ಮಾಡಬಹುದಿತ್ತು. ದಕ್ಷಿಣಕ್ಕೆ ಇಳಿದೊಡನೆ ಅದು ಮುಗಿಯುತ್ತಿತ್ತು.

ಎರಡನೆಯದು ಹಣ. 1968ರಲ್ಲಿ ಮೆಕಾರ್ಥಿಗೆ ಕೆಲವೇ ಕೆಲವು ಸಿರಿವಂತರು ದೊಡ್ಡ ಚೆಕ್ ಬರೆದು ಪ್ರಚಾರ ನಡೆಸಿಕೊಟ್ಟಿದ್ದರು. ವಾಟರ್‌ಗೇಟ್ ಹಗರಣದ ಬಳಿಕ 1974ರಲ್ಲಿ ವ್ಯಕ್ತಿಗತ ದೇಣಿಗೆಗೆ ಮಿತಿ ಬಂತು. ಹೀಗಾಗಿ ದಿಢೀರ್ ಬಂಡಾಯಕ್ಕೆ ಇಂಧನ ಸಿಗುವುದು ಕಷ್ಟವಾಯಿತು. 2010ರ ಜನವರಿಯಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ಬಾಗಿಲನ್ನು ಮತ್ತೆ ತೆರೆಯಿತು. ಅದರ ಬೆನ್ನಲ್ಲೇ ಹುಟ್ಟಿದ ಸೂಪರ್ ಪ್ಯಾಕ್ ಎಂಬ ಪ್ರಚಾರ ನಿಧಿಗಳಿಗೆ ದೇಣಿಗೆಯ ಮಿತಿಯೇ ಇಲ್ಲ. ಸ್ಯಾಂಟೋರಮ್ ಪಿಕಪ್ ಟ್ರಕ್ಕಿನಿಂದ ಇಳಿದು ಹನ್ನೊಂದು ರಾಜ್ಯ ಗೆಲ್ಲಲು ಫಾಸ್ಟರ್ ಫ್ರೀಸ್ ಎಂಬ ಸಿರಿವಂತ ಹೂಡಿಕೆದಾರರು ಇಂಥದೇ ಪ್ಯಾಕ್‌ಗೆ ಸುರಿದ ಹಣದ ನೆರವಿತ್ತು. ಫೈನ್‌ಗೋಲ್ಡ್ ಆ ಬಾಗಿಲಲ್ಲಿ ಕಾಲಿಡುವಂತಿರಲಿಲ್ಲ. ಅವರದೇ ಕಾನೂನಿನ ತಿರುಳನ್ನು ಕಿತ್ತುಹಾಕಿದ್ದ ತೀರ್ಪದು. 1998ರ ಚುನಾವಣೆಯಲ್ಲಿ ರಾಜ್ಯದ ತಲಾ ಒಬ್ಬರಿಗೆ ಒಂದು ಡಾಲರ್ ಲೆಕ್ಕದಲ್ಲಿ ತಮ್ಮ ಖರ್ಚಿಗೆ ತಾವೇ ಮಿತಿ ಹಾಕಿಕೊಂಡು ಕೂದಲೆಳೆಯಲ್ಲಿ ಗೆದ್ದಿದ್ದ ಮನುಷ್ಯ ಅವರು. 2010ರಲ್ಲೂ ಹೊರಗಿನ ಗುಂಪುಗಳು ತಮ್ಮ ಪರ ಜಾಹೀರಾತು ಹಾಕುವುದು ಬೇಡ ಎಂದಿದ್ದರು. ಒಬಾಮ 2008ರಲ್ಲಿ 70 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿದ್ದರು. ಅಂಥವರ ಎದುರು ಈ ವ್ರತ ಇಟ್ಟುಕೊಂಡು ಐವತ್ತು ರಾಜ್ಯ ಸುತ್ತುವುದು ಆಗದ ಮಾತು. ಯಾವ ನಿಷ್ಠೆಗಾಗಿ ಜನ ಅವರನ್ನು ಬಯಸುತ್ತಿದ್ದರೋ, ಅದೇ ನಿಷ್ಠೆ ಅವರ ಕೈ ಕಟ್ಟಿತ್ತು.

ಮೂರನೆಯದು ಆ ಒಂದು ವಾಕ್ಯ. ದೂರುಗಳು ಹತ್ತಾರಿದ್ದವು. ವಿಯೆಟ್ನಾಂನಂತೆ ಮನೆಮನೆಯ ಊಟದ ಹೊತ್ತಿನಲ್ಲಿ ಜಗಳ ಎಬ್ಬಿಸುವ ಒಂದೇ ಒಂದು ದೂರು ಇರಲಿಲ್ಲ. ಇರಾಕ್‌ನಿಂದ ಸೇನೆ ಮರಳುತ್ತಿತ್ತು. ಆರೋಗ್ಯ ಕಾಯ್ದೆ ಅಪೂರ್ಣವೆನಿಸಿದರೂ ಅದಕ್ಕೆ ಫೈನ್‌ಗೋಲ್ಡ್ ಅವರೇ ಮತ ಹಾಕಿದ್ದರು. ಸಲಿಂಗಿ ಸೈನಿಕರ ಮೇಲಿನ ನಿರ್ಬಂಧವನ್ನು ತೆಗೆಯುವ ಮಸೂದೆಗೆ ಒಬಾಮ 2010ರ ಡಿಸೆಂಬರ್‌ನಲ್ಲಿ ಸಹಿ ಹಾಕಿದರು. 2011ರ ಮೇನಲ್ಲಿ ಒಸಾಮ ಬಿನ್ ಲಾಡೆನ್ ಹತನಾದ.

ಮುಂದೆ ಆದದ್ದು

ಫೈನ್‌ಗೋಲ್ಡ್ ಸ್ಪರ್ಧಿಸಲಿಲ್ಲ. 2011ರ ಆರಂಭದಲ್ಲಿ ಕಾನೂನು ಪಾಠ ಹೇಳಲು ಮಾರ್ಕೆಟ್ ವಿಶ್ವವಿದ್ಯಾಲಯ ಸೇರಿದರು. ಕಾರ್ಪೊರೇಟ್ ಹಣದ ವಿರುದ್ಧ ಪ್ರಗ್ರೆಸಿವ್ಸ್ ಯುನೈಟೆಡ್ ಎಂಬ ಸಂಘಟನೆ ಕಟ್ಟಿದರು. 2012ರ ಫೆಬ್ರುವರಿಯಲ್ಲಿ ಒಬಾಮ ಮರುಆಯ್ಕೆ ಪ್ರಚಾರದ ರಾಷ್ಟ್ರೀಯ ಸಹ ಅಧ್ಯಕ್ಷರಲ್ಲಿ ಒಬ್ಬರಾದರು. ಅದೇ ತಿಂಗಳು ಒಬಾಮ ಪಾಳಯ ಸೂಪರ್ ಪ್ಯಾಕ್ ಹಣಕ್ಕೆ ಒಪ್ಪಿಕೊಂಡಾಗ ಅದು ತಪ್ಪೆಂದು ಬಹಿರಂಗವಾಗಿ ಹೇಳಲು ಅವರು ಹಿಂಜರಿಯಲಿಲ್ಲ.

ಗಟ್ಟಿ ಎದುರಾಳಿಯೇ ಇಲ್ಲದ 2012ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂದು ವಿಚಿತ್ರ ಫಲಿತಾಂಶ ಬಂತು. ವೆಸ್ಟ್ ವರ್ಜಿನಿಯಾದಲ್ಲಿ, ಟೆಕ್ಸಾಸ್‌ನ ಜೈಲಿನಲ್ಲಿದ್ದ ಕೈದಿಯೊಬ್ಬ ಶುಲ್ಕ ಕಟ್ಟಿ ಮತಪತ್ರದಲ್ಲಿ ಹೆಸರು ಸೇರಿಸಿಕೊಂಡಿದ್ದ. ಒಬಾಮ ಎದುರು ಅವನಿಗೆ ಸುಮಾರು ಶೇ 41 ಮತ ಬಿದ್ದವು. ಅಲ್ಲಿ ಸಿಟ್ಟು ಇದ್ದದ್ದು ನಿಜ. ಆದರೆ ಕಲ್ಲಿದ್ದಲು ಗಣಿಗಳ ನಾಡಿನ ಆ ಸಿಟ್ಟು ಒಬಾಮ ಅತಿಯಾಗಿ ಎಡಕ್ಕೆ ವಾಲಿದ್ದಾರೆ ಎಂಬುದು. ಎಡದಿಂದ ಬರಬೇಕಿದ್ದ ಫೈನ್‌ಗೋಲ್ಡ್‌ಗೆ ಆ ಮತಗಳಿಂದ ಪ್ರಯೋಜನವಾಗುತ್ತಿರಲಿಲ್ಲ.

ಎಡಪಂಥೀಯ ಅತೃಪ್ತಿ ಎಷ್ಟು ದೊಡ್ಡದಿತ್ತೆಂದು ಗೊತ್ತಾದದ್ದು ಒಬಾಮ ಕಣದಲ್ಲಿ ಇಲ್ಲದಾಗ. 2016ರ ಪ್ರೈಮರಿಗೆ ಬರ್ನಿ ಸ್ಯಾಂಡರ್ಸ್ ಇಳಿದರು. ಅವರ ಸೋಲುಗಳ ಪಟ್ಟಿ ಫೈನ್‌ಗೋಲ್ಡ್ ಅವರದಕ್ಕಿಂತ ಉದ್ದ. 1972ರಿಂದ 1976ರವರೆಗೆ ವರ್ಮಾಂಟ್‌ನಲ್ಲಿ ಎರಡು ಸಲ ಸೆನೆಟ್‌ಗೆ, ಎರಡು ಸಲ ಗವರ್ನರ್ ಸ್ಥಾನಕ್ಕೆ ನಿಂತು ನಾಲ್ಕೂ ಸಲ ಮಣ್ಣುಮುಕ್ಕಿದವರು. 1981ರಲ್ಲಿ ಬರ್ಲಿಂಗ್ಟನ್ ಮೇಯರ್ ಚುನಾವಣೆಯನ್ನು ಹತ್ತೇ ಮತಗಳಿಂದ ಗೆದ್ದು ಮೇಲೇರಿದವರು. ಬ್ಯಾಂಕುಗಳು, ಆರೋಗ್ಯ ವಿಮೆ, ಚುನಾವಣಾ ಹಣ ಎಂದು ಅವರು ಎತ್ತಿದ ಮಾತುಗಳು 2010ರಲ್ಲಿ ಫೈನ್‌ಗೋಲ್ಡ್ ಬೆಂಬಲಿಗರು ಆಡುತ್ತಿದ್ದವೇ. ಸಣ್ಣ ಸಣ್ಣ ದೇಣಿಗೆಗಳು ಅಂತರ್ಜಾಲದ ಮೂಲಕ ಹರಿದುಬಂದವು. ಸ್ಯಾಂಡರ್ಸ್ 22 ರಾಜ್ಯ ಗೆದ್ದರು, ಒಟ್ಟು ಮತದಲ್ಲಿ ಶೇ 43 ಪಡೆದರು. ದಕ್ಷಿಣದ ಕಪ್ಪು ಮತದಾರರು ಹಿಲರಿ ಕ್ಲಿಂಟನ್ ಜೊತೆ ನಿಂತದ್ದರಿಂದ ಟಿಕೆಟ್ ಅವರ ಕೈಗೆ ಬರಲಿಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ಪ್ರೈಮರಿಯನ್ನು ಸ್ಯಾಂಡರ್ಸ್ ಹದಿಮೂರು ಶೇಕಡಾ ಅಂತರದಲ್ಲಿ ಗೆದ್ದರು. ಕಳೆದುಕೊಂಡ ಸೆನೆಟ್ ಸ್ಥಾನ ಮರಳಿ ಪಡೆಯಲು ಫೈನ್‌ಗೋಲ್ಡ್ ಕೂಡ ಆಗ ಅದೇ ರಾಜ್ಯ ಸುತ್ತುತ್ತಿದ್ದರು. ನವೆಂಬರ್‌ನಲ್ಲಿ ಅವರು ರಾನ್ ಜಾನ್ಸನ್ ಎದುರು ಎರಡನೇ ಸಲ ಸೋತರು. ಅದೇ ದಿನ ಡೊನಾಲ್ಡ್ ಟ್ರಂಪ್ 23 ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ವಿಸ್ಕಾನ್ಸಿನ್ ಗೆದ್ದರು. 1988ರಿಂದ ಸತತವಾಗಿ ಡೆಮಾಕ್ರಟಿಕ್ ಅಭ್ಯರ್ಥಿಯನ್ನೇ ಆರಿಸುತ್ತಿದ್ದ ಆ ರಾಜ್ಯ ಪಕ್ಷದ ಕೈತಪ್ಪಿತು.